ಸ್ಮಾರ್ಟ್ ಬಲ್ಬಿನ ಹಟಕ್ಕೆ ಮೂಲ ಎಲ್ಲಿ?

ಮಳೆಗಾಲದಲ್ಲಿ ಕಾರ್ಕಳದ ಕಡೆ ಮರದ ಗೆಲ್ಲು ತಂತಿಗೆ ತಾಗಿದರೆ ಸಾಕು, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ನಡುರಾತ್ರಿ ಅದು ಮರಳಿದಾಗ ಮಲಗುವ ಕೋಣೆಯ ಸ್ಮಾರ್ಟ್ ಬಲ್ಬ್ ತಾನಾಗಿಯೇ ಝಗ್ಗನೆ ಉರಿಯುತ್ತದೆ. ಇಲ್ಲವೇ ಒಂದೇ ಸಮನೆ ಮಿನುಗುತ್ತ, ಫೋನಿನ ಮಾತಿಗೆ ಬಗ್ಗುವುದಿಲ್ಲ. ಹೆಚ್ಚಿನ ಸಲ ಈ ಬಲ್ಬ್ ಕೆಟ್ಟಿರುವುದಿಲ್ಲ. ತನಗೆ ಕಲಿಸಿದ್ದನ್ನೇ ಮಾಡುತ್ತಿರುತ್ತದೆ.

ವಿದ್ಯುತ್ ದೀಪ ಮನೆಯೊಳಗೆ ಬಂದಂದಿನಿಂದ ಗೋಡೆಯ ಸ್ವಿಚ್ಚಿಗೆ ಇದ್ದ ಕೆಲಸ ಕರೆಂಟ್ ಕೊಡುವುದು, ಕಡಿಯುವುದು. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಹೊಳಪಿನ ನೀಲಿ ಎಲ್‌ಇಡಿ ರೂಪಿಸಿದರು. ಅದರಿಂದ ಬಿಳಿ ಬೆಳಕಿನ ಎಲ್‌ಇಡಿ ಬಲ್ಬ್ ಸಾಧ್ಯವಾಯಿತು. 2014ರಲ್ಲಿ ಅವರಿಗೆ ನೊಬೆಲ್ ಬಂತು. 2012ರಲ್ಲಿ ಫಿಲಿಪ್ಸ್ ಕಂಪನಿಯ 'ಹ್ಯೂ' ಎಂಬ ಸ್ಮಾರ್ಟ್ ಬಲ್ಬ್ ಮಾರುಕಟ್ಟೆಗೆ ಇಳಿಯಿತು. ಮನೆಯ ವಯರಿಂಗ್ ಮುಟ್ಟದೆ, ಹಳೆಯ ಹೋಲ್ಡರಿಗೇ ಹೊಸ ಬುದ್ಧಿ ಸಿಕ್ಕಿಸಿದ ಯುಕ್ತಿ ಅದು.

ತೊಡಕು ಹುಟ್ಟಿದ್ದೂ ಅಲ್ಲೇ. ಬುದ್ಧಿಗೆ ಸದಾ ಕರೆಂಟ್ ಬೇಕು. ಗೋಡೆಯ ಸ್ವಿಚ್ ಅದನ್ನೇ ಕಡಿಯುತ್ತದೆ. ಆ್ಯಪ್ ಇಲ್ಲದವರು ಸ್ವಿಚ್ ಒತ್ತಿದರೂ ಬೆಳಕು ಸಿಗಲಿ ಎಂದು, ಕರೆಂಟ್ ಬಂದೊಡನೆ ಉರಿಯುವಂತೆ ಅನೇಕ ಬಲ್ಬುಗಳನ್ನು ರೂಪಿಸಿದರು. ಬಲ್ಬಿನ ಮೈಮೇಲೆ ಗುಂಡಿ ಇಲ್ಲದ್ದರಿಂದ, ಬೇಗಬೇಗನೆ ಮೂರೋ ಐದೋ ಸಲ ಆರಿಸಿ ಹಾಕಿದರೆ ಹಳೆಯ ನಂಟು ಮರೆತು, ಮಿನುಗುತ್ತ ಹೊಸ ಜೋಡಣೆಗೆ ಕಾಯುವ ಏರ್ಪಾಟನ್ನು ಹಲವು ಕಂಪನಿಗಳು ಮಾಡಿದವು. ಕರೆಂಟ್ ಸ್ವಿಚ್ಚಿನಲ್ಲಿ ಹೋಯಿತೋ ಲೈನಿನಲ್ಲಿ ಹೋಯಿತೋ ಬಲ್ಬಿಗೆ ತಿಳಿಯದು. ನಮ್ಮ ಕರಾವಳಿಯ ಮಳೆಗಾಲ ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಆ್ಯಪಿನಲ್ಲಿ ಕರೆಂಟ್ ಮರಳಿದಾಗ ಬಲ್ಬ್ ಹೇಗಿರಬೇಕೆಂಬ ಆಯ್ಕೆ ಇದ್ದರೆ 'ಮೊದಲಿನ ಸ್ಥಿತಿ' ಎಂದು ಬದಲಿಸಿ. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿ. ಹೆಚ್ಚಿನ ವೈ-ಫೈ ಬಲ್ಬುಗಳು 2.4 ಗಿಗಾಹರ್ಟ್ಸ್ ತರಂಗವನ್ನಷ್ಟೇ ಹಿಡಿಯುತ್ತವೆ. ಮಣಿಪಾಲದ ಫ್ಲ್ಯಾಟುಗಳಲ್ಲಿ ನೆರೆಹೊರೆಯ ರೂಟರುಗಳೆಲ್ಲ ಅದರಲ್ಲೇ ನುಗ್ಗಾಡುವುದರಿಂದ 1, 6, 11ನೇ ಚಾನೆಲ್‌ಗಳಲ್ಲಿ ಕಡಿಮೆ ಗದ್ದಲದ್ದನ್ನು ಆರಿಸಿ. ಉಡುಪಿಯ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ ಸಿಗ್ನಲನ್ನು ಕುಗ್ಗಿಸುತ್ತದೆ. ರೂಟರನ್ನು ಮನೆಯ ನಡುವೆ ಇಡಿ. ಕಾಪುವಿನಂಥ ಕಡಲತೀರದಲ್ಲಿ ಉಪ್ಪುಗಾಳಿಗೆ ಹೋಲ್ಡರಿನ ಪಿನ್ನುಗಳು ತುಕ್ಕು ಹಿಡಿದರೂ ಬೆಳಕು ನಡುಗುತ್ತದೆ. ಅಂಥಲ್ಲಿ ಬಲ್ಬಿಗಿಂತ ಮೊದಲು ಹೋಲ್ಡರ್ ಬದಲಿಸಬೇಕು. ಸ್ವಿಚ್ ಆರಿಸಿದರೂ ಎಲ್‌ಇಡಿ ಮಂಕಾಗಿ ಹೊಳೆಯುತ್ತಿದ್ದರೆ ಸ್ವಿಚ್ ಫೇಸಿನ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರಬಹುದು. ಅದು ಜೀವಕ್ಕೆ ಅಪಾಯ, ಇಲೆಕ್ಟ್ರೀಶಿಯನ್‌ನಿಂದಲೇ ಸರಿಪಡಿಸಿ.

2022ರಲ್ಲಿ ಬಂದ 'ಮ್ಯಾಟರ್' ಎಂಬ ಮಾನದಂಡ ಬೇರೆ ಬೇರೆ ಕಂಪನಿಗಳ ಉಪಕರಣಗಳನ್ನು ಒಂದೇ ವ್ಯವಸ್ಥೆಗೆ ತರುತ್ತಿದೆ. ಆದರೆ ಸ್ವಿಚ್ಚಿಗೂ ಬಲ್ಬಿಗೂ ಇರುವ ಜಗಳ ಅದರಿಂದ ತೀರುವುದಿಲ್ಲ. ಆ ಬುದ್ಧಿ ಇರಬೇಕಾದದ್ದು ಸ್ವಿಚ್ಚಿನಲ್ಲಿ. ಹೊಸ ಮನೆ ಕಟ್ಟುವವರು ವಯರಿಂಗ್ ಮಾಡಿಸುವಾಗಲೇ ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ತಂತಿ ಎಳೆಸಿಕೊಳ್ಳಿ. ಆಗ ಅಲ್ಲಿ ಸ್ಮಾರ್ಟ್ ಸ್ವಿಚ್ ಹಾಕಿ, ಸಾದಾ ಬಲ್ಬನ್ನೇ ಫೋನಿನಿಂದಲೂ ಕೈಯಿಂದಲೂ ಉರಿಸಬಹುದು.