ತಂತ್ರಜ್ಞಾನದ ಬದಲಾವಣೆ ಮತ್ತು ಕಾರ್ಮಿಕರ ಬೇಡಿಕೆ: ಹರಿಹರದ ನಿದರ್ಶನ

ಉತ್ಪಾದನಾ ತಂತ್ರಜ್ಞಾನವು ಬದಲಾದಾಗ ಕುಶಲ ಹಾಗೂ ಅಕುಶಲ ಕಾರ್ಮಿಕರ ಬೇಡಿಕೆಯು ಒಂದೇ ರೀತಿಯಲ್ಲಿ ಬದಲಾಗುವುದಿಲ್ಲ. ಇದಕ್ಕೆ ದಾವಣಗೆರೆ ಜಿಲ್ಲೆಯ ಹರಿಹರವು ನಿದರ್ಶನವಾಗಿರುತ್ತದೆ.

ಹಿನ್ನೆಲೆ

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳ ತಯಾರಿಕೆಗೆ ಹೆಸರಾಗಿತ್ತು. ಅಳತೆ ನೋಡಿ, ಕೈಯಿಂದ ಹ್ಯಾಂಡಲ್ ತಿರುಗಿಸಿ ಲೋಹವನ್ನು ಕತ್ತರಿಸುವ ಟರ್ನರ್‌ನ ಕಸುಬು ವರ್ಷಗಳ ಅಭ್ಯಾಸದಿಂದ ಮಾತ್ರ ಬರುವಂತಹದು. ಕ್ರಮೇಣ ಗಣಕ ನಿಯಂತ್ರಿತ (ಸಿ.ಎನ್.ಸಿ.) ಯಂತ್ರಗಳು ಬಳಕೆಗೆ ಬಂದವು. 1991ರ ನಂತರ ಆಮದು ಸುಲಭವಾಗಿ ಪೈಪೋಟಿಯೂ ಹೆಚ್ಚಿತು. ಈ ಕಾರ್ಖಾನೆಯು ಈಗ ಮುಚ್ಚಿದೆ. ಅದಕ್ಕೆ ತಂತ್ರಜ್ಞಾನವೊಂದೇ ಕಾರಣವೆಂದು ಹೇಳಲಾಗದು. ಆದರೆ ಕೆಲಸ ಕಳೆದುಕೊಂಡ ಕುಶಲಕರ್ಮಿಗಳ ಮುಂದಿದ್ದ ಮಾರುಕಟ್ಟೆಯು ಮೊದಲಿನಂತಿರಲಿಲ್ಲ.

ಬೇಡಿಕೆಯಲ್ಲಾಗುವ ಬದಲಾವಣೆಗಳು

1. ಕೈಚಳಕಕ್ಕೆ ಬೆಲೆ ಇಳಿಯುತ್ತದೆ: ಒಂದೇ ಅಳತೆಯ ನೂರಾರು ಬಿಡಿಭಾಗಗಳು ಬೇಕಾದಲ್ಲಿ ಸಿ.ಎನ್.ಸಿ. ಯಂತ್ರದ ಬಂಡವಾಳ ವೆಚ್ಚವು ಅಷ್ಟೂ ಭಾಗಗಳ ಮೇಲೆ ಹಂಚಿಹೋಗುತ್ತದೆ. ಆಗ ಒಬ್ಬ ಆಪರೇಟರ್ ಒಂದಕ್ಕಿಂತ ಹೆಚ್ಚು ಯಂತ್ರಗಳನ್ನು ನೋಡಿಕೊಳ್ಳಬಹುದು.

2. ಹೊಸ ಕೌಶಲಕ್ಕೆ ಬೇಡಿಕೆ ಹೆಚ್ಚುತ್ತದೆ: ಪ್ರೋಗ್ರಾಮಿಂಗ್, ಸೆಟ್ಟಿಂಗ್ ಮತ್ತು ದುರಸ್ತಿ ಬಲ್ಲವರು ಬೇಕಾಗುತ್ತಾರೆ.

3. ಹಳೆಯ ಜ್ಞಾನವು ವ್ಯರ್ಥವಲ್ಲ: ಡ್ರಾಯಿಂಗ್ ಓದುವಿಕೆ, ಲೋಹದ ಗುಣ, ಟೂಲ್ ಆಯ್ಕೆ ಇವು ಸಿ.ಎನ್.ಸಿ. ಯಂತ್ರಕ್ಕೂ ಅಗತ್ಯ. ಒಂದೆರಡು ಬಿಡಿಭಾಗಗಳ ದುರಸ್ತಿ ಕೆಲಸಕ್ಕೆ ಸಾಮಾನ್ಯ ಲೇತ್ ಇಂದಿಗೂ ಅಗ್ಗ.

4. ಅಕುಶಲ ಕೆಲಸವು ಭಾಗಶಃ ಉಳಿಯುತ್ತದೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಹುರಿಯುವ ಯಂತ್ರವನ್ನು ಅಳವಡಿಸಿದರೆ ಒಲೆಯ ಮುಂದಿನ ಕೆಲಸಗಾರರ ಸಂಖ್ಯೆ ಇಳಿಯುತ್ತದೆ. ಒಣಗಿಸುವ, ಮೂಟೆ ಹೊರುವ ಕೆಲಸ ಉಳಿದರೂ, ಅದನ್ನು ಅರಸುವವರು ಹೆಚ್ಚಾಗುವುದರಿಂದ ಕೂಲಿ ಏರುವುದು ಕಷ್ಟ.

ಕಾರ್ಮಿಕರ ಗಮನಕ್ಕೆ

ಯಂತ್ರವು ಬಂದ ನಂತರ ತರಬೇತಿಗೆ ಹೋಗುವವರಿಗೆ ಸಂಬಳವಿಲ್ಲದ ಅವಧಿಯೇ ದೊಡ್ಡ ಅಡಚಣೆ. ಆದ್ದರಿಂದ ಕೆಲಸದಲ್ಲಿರುವಾಗಲೇ ಹೊಸ ಕೌಶಲ ಪಡೆಯುವುದು ಸೂಕ್ತ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಅನ್ವಯ, ಹೆಚ್ಚುವರಿಯೆಂದು ಕೆಲಸದಿಂದ ತೆಗೆಯಲಾದ ಪ್ರತಿ ಕಾರ್ಮಿಕರ ಬಾಬ್ತು ಮಾಲೀಕರು 15 ದಿನಗಳ ವೇತನಕ್ಕೆ ಸಮನಾದ ಮೊತ್ತವನ್ನು ಮರುಕೌಶಲ ನಿಧಿಗೆ ನೀಡತಕ್ಕದ್ದು. ಇದು ಪರಿಹಾರಧನಕ್ಕೆ ಹೊರತಾದುದು. ತರಬೇತಿಯ ವಿವರಗಳಿಗೆ ಹತ್ತಿರದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ.