ಒಂಬೈನೂರರ ಬಂಡವಾಳ, ಮೂವತ್ತು ಸಾವಿರದ ಬಡ್ಡಿ

ಹುಬ್ಬಳ್ಳಿಯ ಉಣಕಲ್ ಕೆರೆಯ ಹತ್ತಿರ ಪಿ.ಬಿ. ರಸ್ತೆಯ ಬದಿಗೆ ತಪ್ಪಲು ಪಲ್ಯ ಮಾರುವ ಹೆಂಗಸೊಬ್ಬರ ಲೆಕ್ಕ ಕೇಳಿದಾಗಿನಿಂದ ಅದು ನನ್ನ ತಲೆಯಿಂದ ಇಳಿದಿಲ್ಲ. ನಸುಕಿನಲ್ಲಿ ಅಮರಗೋಳದ ಎಪಿಎಂಸಿಗೆ ಹೊರಡುವ ಮೊದಲೇ ಅವರಿಗೆ ರೊಕ್ಕ ಬೇಕು. ‘ಒಂಬತ್ನೂರು ಕೈಗೆ ಕೊಡ್ತಾರ್ರಿ ಸರ, ಸಂಜಿಗೆ ಸಾವಿರ ಮುಟ್ಟಿಸಬೇಕು. ಮಾಲು ಹೋಗಲಿ, ಬಾಡಲಿ, ಅವರಿಗೇನ್ರಿ?’ ಎಂದರು, ಮೆಂತ್ಯದ ಸಿವುಡಿಗೆ ನೀರು ಚಿಮುಕಿಸುತ್ತಲೇ.

ಒಂದು ಹಗಲಿಗೆ ಶೇ 11ರ ಬಡ್ಡಿ! ತಿಂಗಳಿಗೆ 25 ದಿನ ವ್ಯಾಪಾರವೆಂದು ಹಿಡಿದರೂ ವರ್ಷಕ್ಕೆ 30,000 ರೂಪಾಯಿ. ಅದೂ 900 ರೂಪಾಯಿ ಬಂಡವಾಳಕ್ಕೆ. ಅದೇ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಬ್ಯಾಂಕು ವರ್ಷಕ್ಕೆ ಒಂದಂಕಿಯ ಬಡ್ಡಿದರದಲ್ಲಿ ಲಕ್ಷಗಟ್ಟಲೆ ಕೊಡುತ್ತದೆ. ಆಸ್ತಿ ಇದ್ದವರಿಗೆ ಸಾಲ ಸೋವಿ, ಇಲ್ಲದವರಿಗೆ ತುಟ್ಟಿ. ಆ 30,000 ಕೈಯಲ್ಲೇ ಉಳಿದಿದ್ದರೆ ತಳ್ಳುಗಾಡಿ ಬರುತ್ತಿತ್ತು, ಪಿಯುಸಿಗೇ ಓದು ಬಿಟ್ಟ ಮಗಳು ಡಿಗ್ರಿ ಸೇರುತ್ತಿದ್ದಳು. ನಾಡಿನ ಬೆಳವಣಿಗೆ ಕುಂಟುವುದು ಇಂಥಲ್ಲೇ.

ಬೆಳವಣಿಗೆಯ ಆರಂಭದಲ್ಲಿ ಆದಾಯದ ಅಂತರ ಹಿಗ್ಗಿ, ಆಮೇಲೆ ತಗ್ಗುತ್ತದೆ ಎಂದು 1955ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಊಹಿಸಿದರು. ಅದು ಬಹುಪಾಲು ಊಹೆ ಎಂದು ಅವರೇ ಬರೆದಿದ್ದರೂ ‘ಮೊದಲು ಬೆಳೆಯೋಣ, ಹಂಚಿಕೆ ಆಮೇಲೆ’ ಎನ್ನುವವರಿಗೆ ಅದೇ ಆಧಾರವಾಯಿತು. ಆ ವಾದವನ್ನು ನಾನಂತೂ ಒಪ್ಪಲಾರೆ. ಸಾಲ ಸಿಗದ ಬಡವರಿಗೆ ಮಕ್ಕಳ ಓದಿಗೆ ಹಣ ಹೂಡಲಾಗದಿದ್ದರೆ ದೇಶದ ಒಟ್ಟು ಉತ್ಪಾದನೆಯೇ ಸೊರಗುತ್ತದೆಂದು 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಗಾಲೋರ್ ಮತ್ತು ಝೈರಾ ತೋರಿಸಿದರು. ಮೇಲಿನ ಶೇ 20ರಷ್ಟು ಜನರ ಆದಾಯದ ಪಾಲು ಏರಿದರೆ ಮುಂದಿನ ವರ್ಷಗಳ ಬೆಳವಣಿಗೆ ಇಳಿಯುತ್ತದೆ, ಕೆಳಗಿನ ಶೇ 20ರವರ ಪಾಲು ಏರಿದರೆ ಬೆಳವಣಿಗೆಯೂ ಏರುತ್ತದೆ ಎಂದಿತು ಅಂತರರಾಷ್ಟ್ರೀಯ ಹಣಕಾಸು ನಿಧಿಯ 2015ರ ಅಧ್ಯಯನ.

ಇಲ್ಲದವರಿಗೆ ಸಾಲ ತುಟ್ಟಿಯಾಗುವ ಈ ರೋಗಕ್ಕೆ ಮದ್ದು ನಮ್ಮ ಸೀಮೆಯಲ್ಲೇ ಹುಟ್ಟಿತ್ತು. 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿ ರೈತರಿಗೆ ಸಾಹುಕಾರನ ಮನೆ ಬಿಟ್ಟು ಇನ್ನೊಂದು ಬಾಗಿಲು ತೆರೆದರು. ಬೀದಿ ವ್ಯಾಪಾರಿಗಳಿಗೆಂದೇ 2018ರಲ್ಲಿ ರಾಜ್ಯದ ‘ಬಡವರ ಬಂಧು’ ಬಂತು, 2020ರಲ್ಲಿ, ಆಗ 10,000 ರೂಪಾಯಿಯ ಮೊದಲ ಸಾಲ ಕೊಡುತ್ತಿದ್ದ ಕೇಂದ್ರದ ‘ಪಿಎಂ ಸ್ವನಿಧಿ’ ಬಂತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಈ ಹೆಂಗಸಿಗೆ ನಸುಕಿನಲ್ಲಿ, ಕಾಗದಪತ್ರ ಕೇಳದೆ ರೊಕ್ಕ ಕೊಡುವವನು ಈಗಲೂ ಬಡ್ಡಿಯವನೊಬ್ಬನೇ.

ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಪತ್ತಿನ ಸಂಘಗಳ ನಿರ್ದೇಶಕರಲ್ಲಿ ನನ್ನದೊಂದು ಮನವಿ: ಅಮರಗೋಳದಲ್ಲಿ ಸವಾಲು ಶುರುವಾಗುವ ಮೊದಲೇ ಅಲ್ಲೊಂದು ಕೌಂಟರ್ ತೆರೆಯಿರಿ. ವಸೂಲಿ ಬೇಕಾದರೆ ಅಂದಂದೇ ಆಗಲಿ, ಬಡ್ಡಿ ಮಾತ್ರ ವರ್ಷದ ದರದಲ್ಲಿರಲಿ.