ಕೃತಕ ದಂತಮೂಲದ ಉರಿಯೂತ: ರಕ್ತವೇ ಮೊದಲ ಸೂಚನೆ

1965ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಅವರು ಮೊದಲ ರೋಗಿಯ ದವಡೆಯಲ್ಲಿ ಟೈಟಾನಿಯಂ ದಂತಮೂಲವನ್ನು ನೆಟ್ಟರು. ಇಂಪ್ಲಾಂಟ್ ಎಂಬ ಈ ಲೋಹದ ಬೇರಿಗೆ ಹುಳುಕು ಹಿಡಿಯದು. ಆದರೆ ಅದನ್ನು ಹಿಡಿದಿರುವ ಒಸಡು ಮತ್ತು ಮೂಳೆಗೆ ರೋಗ ತಗಲಬಲ್ಲದು.

ಬೇರಿನ ಸುತ್ತ ದಂತಪಾಚಿ ಕಟ್ಟಿದರೆ ಒಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಜಿನುಗುತ್ತದೆ. ಈ ಹಂತದಲ್ಲಿ ವೈದ್ಯರಿಂದ ಶುದ್ಧಿಮಾಡಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಉಪೇಕ್ಷಿಸಿದರೆ ಮೂಳೆ ಕರಗಿ ಬೇರು ಸಡಿಲವಾಗುತ್ತದೆ; ಕರಗಿದ ಮೂಳೆ ಸುಲಭವಾಗಿ ಮರಳದು. ನೋವಿಲ್ಲವೆಂದು ಸುಮ್ಮನಿರಬಾರದು.

ಬಂಗಾರಪೇಟೆ, ಕೆ.ಜಿ.ಎಫ್. ಭಾಗದ ಸದ್ಭಕ್ತರು ಇದ್ದಿಲು, ಇಟ್ಟಿಗೆಪುಡಿ ಬಿಟ್ಟು ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಉಜ್ಜಬೇಕು, ಸಂದುಗಳನ್ನೂ ಶುಚಿಗೊಳಿಸಬೇಕು. ಬೀಡಿ, ಹೊಗೆಸೊಪ್ಪು ವರ್ಜ್ಯ. ಮಧುಮೇಹ ಹತೋಟಿಯಲ್ಲಿರಲಿ. ವೈದ್ಯರು ಹೇಳಿದ ಅವಧಿಗೆ ತಪ್ಪದೆ ತಪಾಸಣೆ ಮಾಡಿಸಿಕೊಳ್ಳಿರಿ, ಕೆ.ಜಿ.ಎಫ್.ನಲ್ಲಿಯೇ ದಂತವೈದ್ಯಕೀಯ ಕಾಲೇಜಿದೆ.